ಸ್ಕಾಟ್ಲೆಂಡಿನ ಮತ, ಬೆಟ್ಟದ ಒಡೆತನ

(ಬಳಗದ ಸಭೆಯಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಲಿಖಿತ ರೂಪ)



"ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ?" 2014ರ ಸೆಪ್ಟೆಂಬರ್ 18ರಂದು ಅಲ್ಲಿಯ ಮತಪತ್ರದಲ್ಲಿ ಅಚ್ಚಾಗಿದ್ದ ಪ್ರಶ್ನೆ ಇಷ್ಟೇ. ಅದರ ಕೆಳಗೆ ಹೌದು, ಇಲ್ಲ ಎಂಬ ಎರಡು ಚೌಕಗಳು. ಅಲ್ಲಿಯ ಸರ್ಕಾರ ಮೊದಲು ಸಿದ್ಧಪಡಿಸಿದ್ದ ವಾಕ್ಯ "ಸ್ವತಂತ್ರ ದೇಶವಾಗಬೇಕೆಂಬುದನ್ನು ಒಪ್ಪುವಿರಾ?" ಎಂಬ ಧಾಟಿಯಲ್ಲಿತ್ತು. ಹಾಗೆ ಕೇಳಿದರೆ ಉತ್ತರವನ್ನು ಒಪ್ಪಿಗೆಯ ಕಡೆಗೆ ವಾಲಿಸಿದಂತಾಗುತ್ತದೆ ಎಂದು ಚುನಾವಣಾ ಆಯೋಗ ಆಕ್ಷೇಪಿಸಿತು, ಸರ್ಕಾರ ತಿದ್ದಿಕೊಂಡಿತು. ಮತದಾರರಲ್ಲಿ ಶೇ. 84.6ರಷ್ಟು ಮಂದಿ ಮತಗಟ್ಟೆಗೆ ಬಂದರು. ಬೇಡವೆಂದವರು 20,01,926, ಬೇಕೆಂದವರು 16,17,989. ಶೇಕಡಾವಾರು ಲೆಕ್ಕದಲ್ಲಿ 55.3 ಮತ್ತು 44.7. ಒಂದು ಗುಂಡು ಹಾರದೆ, ಒಂದು ಸೆರೆಮನೆ ತುಂಬದೆ, ಮುನ್ನೂರು ವರ್ಷಗಳ ರಾಜ್ಯವೊಂದು ತನ್ನನ್ನು ಒಡೆಯಬಹುದೇ ಎಂದು ಪ್ರಜೆಗಳನ್ನೇ ಕೇಳಿ, ಉತ್ತರವನ್ನು ಒಪ್ಪಿಕೊಂಡಿತು. ಇದು ಸಣ್ಣ ಸಂಗತಿಯಲ್ಲ.

ಯಾರಿಗೆ ಮತದ ಹಕ್ಕಿತ್ತು ಎಂಬುದೂ ಗಮನಾರ್ಹ. ಅಂದು ಹುಟ್ಟನ್ನು ಕೇಳಲಿಲ್ಲ, ವಾಸವನ್ನು ಕೇಳಿದರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಬೆಳೆದು ಲಂಡನ್ನಿಗೆ ನೆಲೆ ಬದಲಿಸಿದವನಿಗೆ ಮತವಿರಲಿಲ್ಲ. ಆದರೆ ಅಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಮತವಿತ್ತು. ಗ್ಲಾಸ್ಗೋ ಆಸ್ಪತ್ರೆಯಲ್ಲಿ ಕೆಲಸ ಮಾಡುವ, ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡ ಕನ್ನಡಿಗ ವೈದ್ಯರೂ ಆ ದೇಶದ ಭವಿಷ್ಯವನ್ನು ನಿರ್ಧರಿಸಬಹುದಾಗಿತ್ತು. 16 ಮತ್ತು 17 ವಯಸ್ಸಿನವರಿಗೂ ಮೊದಲ ಬಾರಿಗೆ ಹಕ್ಕು ದೊರೆತು, ಒಂದು ಲಕ್ಷಕ್ಕೂ ಹೆಚ್ಚು ಹುಡುಗ ಹುಡುಗಿಯರು ಹೆಸರು ನೋಂದಾಯಿಸಿದರು. ಈ ಸಭೆಯಲ್ಲಿ ಕುಳಿತಿರುವ ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳ ವಯಸ್ಸಿನವರೇ ಅವರು. ರಕ್ತ, ಭಾಷೆ, ಕುಲ ಇವುಗಳ ಮೇಲೆ ದೇಶ ಕಟ್ಟಹೊರಟ ಚಳವಳಿಗಳನ್ನು ಕಂಡ ಜಗತ್ತಿಗೆ ಇದು ಬೇರೆಯೇ ಮಾದರಿ. ಅಲ್ಲಿಯ ವಾದವೆಲ್ಲ ನಿಂತಿದ್ದು "ಇಲ್ಲಿ ಬದುಕುವವರು ಇಲ್ಲಿಯದನ್ನು ನಿರ್ಧರಿಸಬೇಕು" ಎಂಬ ಒಂದು ಮಾತಿನ ಮೇಲೆ. ಆ ಮಾತು ಎಷ್ಟು ದೂರ ಸಾಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಪರೀಕ್ಷಿಸುವುದೇ ಇಂದಿನ ವಿಷಯ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿರಿಸಬೇಕು. ಭಾರತದಲ್ಲಿ ಸ್ಕಾಟ್ಲೆಂಡಿನ ಸುದ್ದಿ ಬಂದಾಗ, ಇಂಗ್ಲಿಷರ ಆಳ್ವಿಕೆಯಿಂದ ಬಿಡುಗಡೆ ಬಯಸುವ ಇನ್ನೊಂದು ವಸಾಹತು ಅದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವೇರಿದವನು ಸ್ಕಾಟ್ಲೆಂಡಿನ ರಾಜ. 1707ರಲ್ಲಿ ಎರಡೂ ಸಂಸತ್ತುಗಳು ಕಾಯಿದೆ ಮಾಡಿ ಒಂದಾದವು. ಆ ಒಪ್ಪಂದ ಜನರದ್ದಲ್ಲ ಎಂಬುದು ನಿಜ. ಪನಾಮಾ ಸಂಯೋಗಭೂಮಿಯ ಡೇರಿಯನ್‌ನಲ್ಲಿ ವಸಾಹತು ಕಟ್ಟಲು ಹೋಗಿ, ದೇಶದ ಬಂಡವಾಳದ ದೊಡ್ಡ ಪಾಲನ್ನು 1700ರ ವೇಳೆಗೆ ಕಳೆದುಕೊಂಡಿದ್ದ ಸ್ಕಾಟ್ಲೆಂಡಿನ ಸಿರಿವಂತರಿಗೆ, ಒಕ್ಕೂಟದ ಜೊತೆಗೆ ಬಂದ ಸುಮಾರು 3,98,000 ಪೌಂಡಿನ ಪರಿಹಾರ ಬಹಳ ಹಿತವಾಗಿ ಕಂಡಿತು. ಬೀದಿಯಲ್ಲಿ ಜನ ಪ್ರತಿಭಟಿಸಿದರು, ಸಹಿ ಬಿದ್ದಿತು. ಆದರೂ ತಮ್ಮ ಚರ್ಚು, ತಮ್ಮ ನ್ಯಾಯಪದ್ಧತಿ, ತಮ್ಮ ಶಿಕ್ಷಣ ಇವನ್ನು ಅವರು ಉಳಿಸಿಕೊಂಡರು. ಆ ಮೇಲೆ ಸಾಮ್ರಾಜ್ಯದ ಲಾಭದಲ್ಲಿ ಪಾಲುದಾರರೂ ಆದರು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ಪಡೆಯ ನಾಯಕ ಡೇವಿಡ್ ಬೇರ್ಡ್ ಸ್ಕಾಟ್. ಅದಾದೊಡನೆ ಕೆನರಾದ ಕಂದಾಯ ಗೊತ್ತುಪಡಿಸಲು ಬಂದ ಥಾಮಸ್ ಮನ್ರೋ ಗ್ಲಾಸ್ಗೋದವನು. ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟೋರ್ನೋವೇ ಪಟ್ಟಣದವನು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರಗಳನ್ನು ಸುತ್ತಿ, ಘಟ್ಟದ ಅಡಿಕೆ ಮೆಣಸುಗಳ ಬೇಸಾಯವನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಕೂಡ ಸ್ಕಾಟ್ಲೆಂಡಿನವನೇ. ಹೀಗೆ ಆಳಿಸಿಕೊಂಡವರಿಗಿಂತ ಆಳಿದವರ ಸಾಲಿನಲ್ಲಿ ಅವರ ಹೆಸರುಗಳು ಹೆಚ್ಚು ಸಿಗುತ್ತವೆ. ಆದ್ದರಿಂದ ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ವಾದವನ್ನು 1947ರ ತಕ್ಕಡಿಯಲ್ಲಿಟ್ಟು ತೂಗುವುದು ಸಲ್ಲದು.

ಆದರೆ ಅದೇ ದೇಶದ ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ನ ಕಥೆ ಬೇರೆ. ಹದಿನೆಂಟನೆಯ ಶತಮಾನದ ನಡುವಿನಿಂದ ಸುಮಾರು ನೂರು ವರ್ಷಗಳ ಕಾಲ ಅಲ್ಲಿ ಒಕ್ಕಲೆಬ್ಬಿಸುವಿಕೆ ನಡೆಯಿತು. ಕಣಿವೆಗಳಲ್ಲಿ ಓಟ್ಸ್, ಬಾರ್ಲಿ ಬೆಳೆದು, ದನ ಮೇಯಿಸಿಕೊಂಡಿದ್ದ, ಗೇಲಿಕ್ ನುಡಿಯಾಡುವ ಒಕ್ಕಲು ಮಕ್ಕಳನ್ನು ಎಬ್ಬಿಸಿ, ಆ ನೆಲದಲ್ಲಿ ಚೆವಿಯಟ್ ಕುರಿಗಳನ್ನು ಬಿಟ್ಟರು. ಕುರಿಯ ಉಣ್ಣೆ ಒಕ್ಕಲಿನ ಗೇಣಿಗಿಂತ ಹೆಚ್ಚು ಹಣ ತರುತ್ತಿತ್ತು. ಸದರ್‌ಲ್ಯಾಂಡ್ ಎಸ್ಟೇಟಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814 ಮತ್ತು 1819ರಲ್ಲಿ ಊರಿಗೆ ಊರೇ ಖಾಲಿಯಾಯಿತು. ಮನೆಗಳಿಗೆ ಬೆಂಕಿಯಿಟ್ಟ ಆರೋಪ ಹೊತ್ತ ಪ್ಯಾಟ್ರಿಕ್ ಸೆಲ್ಲರ್ ಎಂಬ ಎಸ್ಟೇಟ್ ಅಧಿಕಾರಿಯ ವಿಚಾರಣೆ 1816ರಲ್ಲಿ ನಡೆದು, ಅವನು ನಿರ್ದೋಷಿ ಎಂದು ಹೊರಬಂದ. ಎಬ್ಬಿಸಲ್ಪಟ್ಟವರು ಕಡಲಂಚಿನ ಕಲ್ಲುನೆಲಕ್ಕೆ ಇಳಿದರು, ಇಲ್ಲವೇ ಕೆನಡಾದ ಹಡಗು ಹತ್ತಿದರು. ಎಬ್ಬಿಸಿದವರಲ್ಲಿ ಹೆಚ್ಚಿನವರು ಸ್ಕಾಟ್ಲೆಂಡಿನ ಒಡೆಯರೇ ಆಗಿದ್ದರು ಎಂಬುದನ್ನು ಇಲ್ಲಿ ಮರೆಯಬಾರದು. ಕುಲದ ಹಿರಿಯನೆಂದು ಯಾರನ್ನು ನಂಬಿ ತಲೆಮಾರುಗಳಿಂದ ಯುದ್ಧಕ್ಕೆ ಹೋಗಿದ್ದರೋ, ಅವನ ಮೊಮ್ಮಗನೇ ಖಾಲಿ ಮಾಡುವ ನೋಟೀಸು ಕಳುಹಿಸಿದ್ದುಂಟು.

ಸ್ಕೈ ದ್ವೀಪದ ರೈತರು 1882ರಲ್ಲಿ ತಮ್ಮ ಗೋಮಾಳ ಮರಳಿ ಬೇಕೆಂದು ಗೇಣಿ ತಡೆದು ಪೊಲೀಸರೊಡನೆ ಸೆಣಸಿದ ಮೇಲೆ, ಸರ್ಕಾರ ನೇಪಿಯರ್ ಆಯೋಗವನ್ನು ನೇಮಿಸಿತು. 1886ರಲ್ಲಿ ಕ್ರಾಫ್ಟರ್‌ಗಳ ಕಾಯಿದೆ ಬಂದಿತು. ಕ್ರಾಫ್ಟ್ ಎಂದರೆ ಕೆಲವೇ ಎಕರೆಯ ಹಿಡುವಳಿ, ಅದಕ್ಕೆ ಸೇರಿದಂತೆ ಊರೊಟ್ಟಿನ ಗುಡ್ಡದಲ್ಲಿ ಮೇಯಿಸುವ ಪಾಲು. ತೋಟದೊಡನೆ ಸೊಪ್ಪಿನ ಬೆಟ್ಟದ ಹಕ್ಕು ಅನುಭವಿಸುವ ಊರುಗಳಿಗೆ ಈ ಏರ್ಪಾಡು ಸುಲಭವಾಗಿ ಅರ್ಥವಾದೀತು. ಕಾಯಿದೆ ಅವರಿಗೆ ಒಡೆತನ ಕೊಡಲಿಲ್ಲ. ಎಬ್ಬಿಸಬಾರದು, ಗೇಣಿ ನ್ಯಾಯವಾಗಿರಬೇಕು, ಹಿಡುವಳಿ ಮಕ್ಕಳಿಗೆ ಇಳಿಯಬೇಕು ಎಂಬ ಮೂರು ರಕ್ಷಣೆಗಳನ್ನು ಕೊಟ್ಟಿತು. ಆ ಕಾಯಿದೆ ಮಾಡಿದ್ದು ಲಂಡನ್ ಸಂಸತ್ತು. ಒಕ್ಕೂಟದ ಪರ ವಾದಿಸುವವರು ಇದನ್ನು ಎತ್ತಿ ಹೇಳಬಹುದಿತ್ತು. 2014ರಲ್ಲಿ ಅವರು ಪೌಂಡಿನ ಮೌಲ್ಯದ ಬಗ್ಗೆಯೇ ಹೆಚ್ಚು ಮಾತನಾಡಿದರು.

ಹಣದ ವಾದವನ್ನು ಬೇಗ ನೋಡಿ ಮುಗಿಸಬಹುದು, ಏಕೆಂದರೆ ಅದರಿಂದ ಯಾವ ಪಕ್ಷವೂ ಗೆಲ್ಲುವಂತಿಲ್ಲ. 1970ರ ದಶಕದಲ್ಲಿ ಉತ್ತರ ಸಮುದ್ರದಲ್ಲಿ ತೈಲ ಸಿಕ್ಕಿದಾಗ, ಅದು ಸ್ಕಾಟ್ಲೆಂಡಿನದೆಂಬ ಕೂಗು ಎದ್ದಿತು. ಸ್ವತಂತ್ರ ಸ್ಕಾಟ್ಲೆಂಡ್ ತೈಲದ ಬಲದಿಂದ ಯೂರೋಪಿನ ಅತ್ಯಂತ ಗಟ್ಟಿ ಆರ್ಥಿಕತೆಗಳಲ್ಲಿ ಒಂದಾಗಬಲ್ಲದೆಂದು ಗ್ಯಾವಿನ್ ಮೆಕ್ರೋನ್ ಎಂಬ ಸರ್ಕಾರಿ ಅರ್ಥಶಾಸ್ತ್ರಜ್ಞ 1974ರಲ್ಲಿ ಬರೆದ ಟಿಪ್ಪಣಿ ಮೂವತ್ತು ವರ್ಷ ಕಡತದಲ್ಲಿದ್ದು 2005ರಲ್ಲಿ ಹೊರಬಿತ್ತು. ಮುಚ್ಚಿಟ್ಟದ್ದು ತಪ್ಪು, ಅನುಮಾನವಿಲ್ಲ. ಆದರೆ 1974ರ ತೈಲವನ್ನು ನಂಬಿ 2014ರಲ್ಲಿ ದೇಶ ಕಟ್ಟಲಾಗದು. ಸ್ಕಾಟಿಷ್ ಸರ್ಕಾರ 2013ರ ನವೆಂಬರಿನಲ್ಲಿ ತನ್ನ ಶ್ವೇತಪತ್ರ ಹೊರಡಿಸಿದಾಗ ಬ್ಯಾರೆಲ್ಲಿಗೆ ಸುಮಾರು 110 ಡಾಲರ್ ಇದ್ದ ತೈಲಬೆಲೆ, 2015ರ ಜನವರಿಯಲ್ಲಿ 50ಕ್ಕಿಂತ ಕೆಳಗಿಳಿದಿತ್ತು. ಪೌಂಡನ್ನು ಹಂಚಿಕೊಳ್ಳುವುದಾಗಿ ಎಡಿನ್‌ಬರೋ ಹೇಳಿದರೆ, ಹಂಚುವುದಿಲ್ಲವೆಂದು 2014ರ ಫೆಬ್ರವರಿಯಲ್ಲಿ ಲಂಡನ್ನಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬಾರ್ನ್ ಸಾರಿದರು. ಆ ಪ್ರಶ್ನೆಗೆ ಸ್ವಾತಂತ್ರ್ಯಪರರಿಂದ ತೃಪ್ತಿಕರ ಉತ್ತರ ಕೊನೆಯವರೆಗೂ ಬರಲಿಲ್ಲ, ಮತ್ತು ಅವರು ಸೋತದ್ದಕ್ಕೆ ಅದೊಂದು ದೊಡ್ಡ ಕಾರಣ. ಇಷ್ಟಾಗಿ, ಐವತ್ತು ಲಕ್ಷದ ಆಸುಪಾಸಿನ ಜನಸಂಖ್ಯೆಯ ನಾರ್ವೆ, ಡೆನ್ಮಾರ್ಕ್, ಐರ್ಲೆಂಡ್ ದೇಶಗಳು ಸ್ವಂತ ಕಾಲಿನ ಮೇಲೆ ಬದುಕುತ್ತಿರುವಾಗ, ಅಷ್ಟೇ ಜನರಿರುವ ಸ್ಕಾಟ್ಲೆಂಡಿಗೆ ಅದು ಅಸಾಧ್ಯವೆನ್ನುವ ಮಾತೂ ನಿಲ್ಲದು. ಕೆಲವು ವರ್ಷ ಕಷ್ಟವಾದೀತು, ಬದುಕಬಹುದು. ಅಷ್ಟೇ.

ಮಣ್ಣಿನ ವಾದ ಹೆಚ್ಚು ಗಟ್ಟಿ. ಎರಡು ಉದಾಹರಣೆಗಳನ್ನು ಸ್ವಲ್ಪ ವಿವರವಾಗಿ ನೋಡಬೇಕು.

ದೇಶದ ಉತ್ತರ ತುದಿಯಲ್ಲಿ, ಕೇತ್‌ನೆಸ್ ಮತ್ತು ಸದರ್‌ಲ್ಯಾಂಡ್ ಪ್ರದೇಶಗಳಲ್ಲಿ, ಫ್ಲೋ ಕಂಟ್ರಿ ಎಂಬ ಜೌಗುಭೂಮಿಯಿದೆ. ಚಳಿ ಹಾಗೂ ಸದಾ ಜಿನುಗುವ ಮಳೆಯಲ್ಲಿ ಸ್ಫ್ಯಾಗ್ನಮ್ ಎಂಬ ಪಾಚಿ ಪೂರ್ತಿ ಕೊಳೆಯದೆ ಪದರದ ಮೇಲೆ ಪದರವಾಗಿ ಸಾವಿರಾರು ವರ್ಷಗಳಿಂದ ಶೇಖರವಾಗಿ ಉಂಟಾದ ಪೀಟ್ ಮಣ್ಣು ಅದು. ನೀರು ತುಂಬಿರುವವರೆಗೆ ಅದು ಇಂಗಾಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಲುವೆ ತೋಡಿ ನೀರು ಬಸಿದರೆ ಗಾಳಿ ಒಳಹೊಕ್ಕು, ಕೊಳೆಯುವಿಕೆ ಆರಂಭವಾಗಿ, ಹಿಡಿದಿಟ್ಟ ಇಂಗಾಲ ಮತ್ತೆ ಹೊರಗೆ ಹೋಗುತ್ತದೆ. 1980ರ ದಶಕದಲ್ಲಿ ಅರಣ್ಯ ನೆಡುವವರಿಗೆ ಭಾರಿ ಆದಾಯ ತೆರಿಗೆ ವಿನಾಯಿತಿಯಿತ್ತು. ಆ ನೆಲವನ್ನು ಒಮ್ಮೆಯೂ ಕಣ್ಣಾರೆ ಕಾಣದ ಸಿರಿವಂತರು ತೆರಿಗೆ ಉಳಿಸಲು ಅಲ್ಲಿ ಎಸ್ಟೇಟು ಕೊಂಡರು. ಉತ್ತು, ಬಸಿಗಾಲುವೆ ತೆಗೆದು, ಸಿಟ್ಕಾ ಸ್ಪ್ರೂಸ್ ಮತ್ತು ಲಾಡ್ಜ್‌ಪೋಲ್ ಪೈನ್ ಸಾಲುಗಳನ್ನು ನೆಡಿಸಿದರು. ಎರಡೂ ಉತ್ತರ ಅಮೆರಿಕದ ಮರಗಳು. ಏಕಜಾತಿಯ ನೆಡುತೋಪನ್ನು ಕಾಡೆಂದು ಕರೆಯುವ ಚಾಳಿ ಮಲೆನಾಡಿಗೆ ಹೊಸತಲ್ಲವಾದ್ದರಿಂದ ಹೆಚ್ಚು ವಿವರಣೆ ಬೇಡ. 1988ರ ಆಯವ್ಯಯದಲ್ಲಿ ಆ ವಿನಾಯಿತಿ ರದ್ದಾಯಿತು, ನೆಡುವಿಕೆ ನಿಂತಿತು. ಈಗ ಅದೇ ಮರಗಳನ್ನು ಕಡಿದು, ಅದೇ ಕಾಲುವೆಗಳನ್ನು ಕಟ್ಟಿ, ಜೌಗನ್ನು ಮರಳಿ ತರುವ ಕೆಲಸ ನಡೆದಿದೆ. 2024ರಲ್ಲಿ ಅಲ್ಲಿಯ ಸುಮಾರು 1,87,000 ಹೆಕ್ಟೇರು ನೆಲ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಾವಿರ ಕಿಲೋಮೀಟರು ದೂರದ ಊರಿನ ತೆರಿಗೆ ಕಾನೂನಿನ ಒಂದು ಕಲಮು ಒಂದು ಪ್ರಾಂತದ ಮಣ್ಣಿನ ಗುಣವನ್ನೇ ಕೆಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಕೃಷಿವಿಜ್ಞಾನದ ಪುಸ್ತಕಗಳಲ್ಲಿ ಸಿಗುವುದು ಕಷ್ಟ.

ಎರಡನೆಯದು ಸಹಾಯಧನದ್ದು. ಸ್ಕಾಟ್ಲೆಂಡಿನ ಕೃಷಿಭೂಮಿಯಲ್ಲಿ ಶೇ. 85ರಷ್ಟು, ಬೇಸಾಯಕ್ಕೆ ಅನುಕೂಲವಿಲ್ಲದ ನೆಲವೆಂದು ವರ್ಗೀಕೃತವಾದದ್ದು. ಗುಡ್ಡದ ಮೇಲಿನ ಕುರಿ, ದನ ಇವೇ ಅಲ್ಲಿ ಆಧಾರ. ಹಾಗಾಗಿ ಹೆಕ್ಟೇರಿಗೆ ಸಿಗುವ ಯೂರೋಪಿಯನ್ ಸಹಾಯಧನವೂ ಬಹಳ ಕಡಿಮೆಯಿತ್ತು. ಇಂಥ ಕಡಿಮೆ ದರದ ದೇಶಗಳನ್ನು ಮೇಲೆತ್ತಲು ಯೂರೋಪಿಯನ್ ಒಕ್ಕೂಟ 2013ರಲ್ಲಿ ಹೆಚ್ಚುವರಿ ಹಣ ನಿಗದಿ ಮಾಡಿತು. ಬ್ರಿಟನ್ನಿಗೆ ಅದರ ಅರ್ಹತೆ ಬಂದದ್ದೇ ಸ್ಕಾಟ್ಲೆಂಡಿನ ಗುಡ್ಡಗಳ ಕಡಿಮೆ ದರದಿಂದ. ಆದರೆ ಬಂದ ಹಣವನ್ನು ಲಂಡನ್ ಸರ್ಕಾರ ನಾಲ್ಕೂ ಪ್ರಾಂತಗಳಿಗೆ ಹಳೆಯ ಪ್ರಮಾಣದಲ್ಲೇ ಹಂಚಿತು. ಗುಡ್ಡದ ರೈತರ ಹೆಸರಿನಲ್ಲಿ ಬಂದುದರ ದೊಡ್ಡ ಪಾಲು ಇಂಗ್ಲೆಂಡಿನ ಬಯಲಿಗೆ ಹರಿಯಿತು. ರೈತಸಂಘಟನೆಗಳು ಆರು ವರ್ಷ ಜಗ್ಗಾಡಿದ ಮೇಲೆ 2019ರಲ್ಲಿ 16 ಕೋಟಿ ಪೌಂಡು ಹಿಂದಿರುಗಿತು. ಸ್ವತಂತ್ರ ದೇಶವಾಗಿದ್ದರೆ ಆ ಜಗ್ಗಾಟವೇ ಬೇಕಿರಲಿಲ್ಲ ಎಂಬ ವಾದ ಇಲ್ಲಿ ನೇರವಾಗಿದೆ, ಒಪ್ಪತಕ್ಕದ್ದೂ ಆಗಿದೆ.

ಇನ್ನು ಅಣ್ವಸ್ತ್ರದ ಪ್ರಶ್ನೆ. ಬ್ರಿಟನ್ನಿನ ಅಣ್ವಸ್ತ್ರ ಜಲಾಂತರ್ಗಾಮಿಗಳೆಲ್ಲ ನೆಲೆಸಿರುವುದು ಗ್ಲಾಸ್ಗೋದಿಂದ ಬಹುದೂರವಲ್ಲದ ಫಾಸ್ಲೇನ್‌ನಲ್ಲಿ. ಬೇಡವೆನ್ನುವ ಅಧಿಕಾರ ಸ್ಕಾಟಿಷ್ ಸಂಸತ್ತಿಗಿಲ್ಲ.

ಒಕ್ಕೂಟದ ಖಾತೆಯಲ್ಲಿ ಜಮೆಯೂ ಉಂಟು. ಎರಡನೆಯ ಮಹಾಯುದ್ಧದ ನಡುವೆಯೇ, 1943ರಲ್ಲಿ, ಸ್ಕಾಟ್ಲೆಂಡ್ ಮಂತ್ರಿಯಾಗಿದ್ದ ಟಾಮ್ ಜಾನ್‌ಸ್ಟನ್ ಲಂಡನ್ ಸಂಸತ್ತಿನಿಂದಲೇ ಕಾಯಿದೆ ಮಾಡಿಸಿ ಉತ್ತರ ಸ್ಕಾಟ್ಲೆಂಡ್ ಜಲವಿದ್ಯುತ್ ಮಂಡಲಿಯನ್ನು ಸ್ಥಾಪಿಸಿದರು. ಪೇಟೆಗಳಿಗೆ ವಿದ್ಯುತ್ ಮಾರಿ ಬಂದ ಹಣದಲ್ಲಿ, ಲಾಭ ಬಾರದ ದೂರದ ಕಣಿವೆಗಳಿಗೂ ತಂತಿ ಎಳೆಯಬೇಕೆಂಬುದು ಅದರ ಧ್ಯೇಯ. ಮುಳುಗಡೆಯಾದ ಕಣಿವೆಗಳ ದುಃಖ ಬೇರೆ. ಆದರೆ ಬೆಟ್ಟದಲ್ಲಿ ಹುಟ್ಟಿದ ವಿದ್ಯುತ್ತಿನ ಲಾಭ ಬೆಟ್ಟದ ಮನೆಗೂ ಸಲ್ಲಬೇಕೆಂದು ಕಾನೂನಿನಲ್ಲೇ ಬರೆಸಿದ್ದು ಶರಾವತಿಯ ಜನಕ್ಕೆ ಕೇಳಲು ವಿಚಿತ್ರವೆನಿಸೀತು. ದೊಡ್ಡ ಒಕ್ಕೂಟದ ಒಳಗಿದ್ದೇ ಇಷ್ಟನ್ನು ಪಡೆಯಲು ಸಾಧ್ಯವಾಗಿತ್ತು.

ಇಲ್ಲಿಗೆ ವಾದದ ಕಠಿಣ ಭಾಗ ಬರುತ್ತದೆ. 1997ರ ಜನಮತಗಣನೆಯಲ್ಲಿ ಶೇ. 74.3ರಷ್ಟು ಬೆಂಬಲ ಪಡೆದು 1999ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟಿಷ್ ಸಂಸತ್ತು ಮತ್ತೆ ಕೂಡಿತು. ಭೂಮಿಯ ಕಾನೂನು ಅಂದಿನಿಂದಲೂ ಆ ಸಂಸತ್ತಿನ ಕೈಯಲ್ಲಿದೆ. ಊಳಿಗಮಾನ್ಯ ಒಡೆತನವನ್ನು ಅದು 2004ರ ನವೆಂಬರಿನಲ್ಲಿ ಕೊನೆಗಾಣಿಸಿತು. 2003ರ ಭೂಸುಧಾರಣಾ ಕಾಯಿದೆಯಿಂದ, ಮಾರಾಟಕ್ಕೆ ಬಂದ ಎಸ್ಟೇಟನ್ನು ಮೊದಲು ಕೊಳ್ಳುವ ಹಕ್ಕು ಊರಿನವರಿಗೆ ದೊರೆಯಿತು. ಒಳ್ಳೆಯ ಕಾಯಿದೆಗಳೇ. ಆದರೂ ಖಾಸಗಿ ಗ್ರಾಮೀಣ ಭೂಮಿಯ ಅರ್ಧದಷ್ಟು ಇಂದಿಗೂ ಸುಮಾರು 430 ಒಡೆಯರ ಕೈಯಲ್ಲಿದೆ ಎಂಬುದು ಅಲ್ಲಿ ಎಲ್ಲರೂ ಉಲ್ಲೇಖಿಸುವ ಲೆಕ್ಕ. ಸ್ವಾತಂತ್ರ್ಯಪರವಾದ ಪಕ್ಷವೇ 2007ರಿಂದ ಅಲ್ಲಿ ಅಧಿಕಾರ ನಡೆಸಿಕೊಂಡು ಬಂದಿತು. ಕೈಯಲ್ಲಿದ್ದ ಅಧಿಕಾರವನ್ನೇ ಅರೆಮನಸ್ಸಿನಿಂದ ಬಳಸಿದವರು ಹೆಚ್ಚಿನ ಅಧಿಕಾರ ಕೇಳಿದಾಗ, ಬೆಟ್ಟದ ರೈತ ಹುಬ್ಬೇರಿಸಿದರೆ ತಪ್ಪೇನು?

ಇದಕ್ಕಿಂತ ನೋವಿನ ಪ್ರಸಂಗ ಅಬರ್ಡೀನ್‌ಷೈರ್ ಕಡಲತೀರದ ಮೆನೀ ಎಂಬಲ್ಲಿಯದು. ಗಾಳಿಗೆ ಸರಿದಾಡುವ ಅಪರೂಪದ ಮರಳುದಿಬ್ಬಗಳು ಅಲ್ಲಿದ್ದವು. ವೈಜ್ಞಾನಿಕ ಮಹತ್ವದ ತಾಣವೆಂದು ಸಂರಕ್ಷಿತವಾಗಿದ್ದವು. ಅಮೆರಿಕದ ಉದ್ಯಮಿ ಡೊನಾಲ್ಡ್ ಟ್ರಂಪ್ ಅಲ್ಲಿ ಗಾಲ್ಫ್ ಮೈದಾನ ಮಾಡಲು ಬಂದಾಗ, ಸ್ಥಳೀಯ ಕೌನ್ಸಿಲಿನ ಸಮಿತಿ 2007ರ ನವೆಂಬರಿನಲ್ಲಿ ಅಧ್ಯಕ್ಷರ ನಿರ್ಣಾಯಕ ಮತದಿಂದ ಅರ್ಜಿಯನ್ನು ತಿರಸ್ಕರಿಸಿತು. ಎಡಿನ್‌ಬರೋ ಸರ್ಕಾರ ಅರ್ಜಿಯನ್ನು ತನ್ನ ಬಳಿಗೆ ತರಿಸಿಕೊಂಡು, ವಿಚಾರಣೆ ನಡೆಸಿ, ಆರ್ಥಿಕ ಲಾಭದ ಕಾರಣ ಕೊಟ್ಟು 2008ರ ನವೆಂಬರಿನಲ್ಲಿ ಮಂಜೂರು ಮಾಡಿತು. ದಿಬ್ಬಗಳನ್ನು ಸಮಮಾಡಿ ಹುಲ್ಲು ನಾಟಿ ಕಟ್ಟಿಹಾಕಲಾಯಿತು. ಮಹತ್ವ ನಷ್ಟವಾಯಿತೆಂದು 2020ರಲ್ಲಿ ಆ ಭಾಗದ ಸಂರಕ್ಷಣೆಯ ಸ್ಥಾನವನ್ನೇ ಕಿತ್ತುಹಾಕಿದರು. "ಇಲ್ಲಿ ಬದುಕುವವರು ಇಲ್ಲಿಯದನ್ನು ನಿರ್ಧರಿಸಬೇಕು" ಎಂದು ಲಂಡನ್ನಿಗೆ ಹೇಳುತ್ತಿದ್ದ ಸರ್ಕಾರವೇ ಮೆನೀಯಲ್ಲಿ ಅದನ್ನು ಮರೆತಿತ್ತು.

ಹಾಗಾದರೆ ಬೆಟ್ಟದ ಜನ ತಮ್ಮ ಕೈಯಿಂದ ಏನನ್ನೂ ಮಾಡಲಿಲ್ಲವೇ? ಮಾಡಿದರು, ಮತ್ತು ಯಾವ ಸಂಸತ್ತಿಗೂ ಕಾಯಲಿಲ್ಲ. ವಾಯವ್ಯ ತೀರದ ಅಸಿಂಟ್‌ನಲ್ಲಿ, ಒಡೆಯನಾಗಿದ್ದ ವಿದೇಶಿ ಕಂಪನಿ ದಿವಾಳಿಯಾಗಿ, ಎಸ್ಟೇಟನ್ನು ತುಂಡು ಮಾಡಿ ಮಾರಲು ಹೊರಟಾಗ, ಕ್ರಾಫ್ಟರ್‌ಗಳು ಕೂಡಿ, ಊರೂರಿನಿಂದ ದೇಣಿಗೆ ಎತ್ತಿ, 1993ರಲ್ಲಿ ಮೂರು ಲಕ್ಷ ಪೌಂಡಿಗೆ ಸುಮಾರು 21,000 ಎಕರೆಯನ್ನು ಕೊಂಡರು. 1997ರ ಜೂನಿನಲ್ಲಿ, ಅರವತ್ತು ಚಿಲ್ಲರೆ ಜನರಿದ್ದ ಎಗ್ ದ್ವೀಪ ಸುಮಾರು ಹದಿನೈದು ಲಕ್ಷ ಪೌಂಡಿಗೆ ತನ್ನನ್ನು ತಾನೇ ಕೊಂಡುಕೊಂಡಿತು. ಡೀಸೆಲ್ ಜನರೇಟರಿನ ಬೆಳಕಿನಲ್ಲಿದ್ದ ಆ ದ್ವೀಪದಲ್ಲಿ 2008ರಿಂದ ನೀರು, ಗಾಳಿ, ಬಿಸಿಲು ಮೂರರಿಂದಲೂ ವಿದ್ಯುತ್ ತೆಗೆಯುವ ಸ್ವಂತ ಜಾಲವಿದೆ. ಮನೆಯೊಂದು ಒಮ್ಮೆಗೆ 5 ಕಿಲೋವ್ಯಾಟಿಗಿಂತ ಹೆಚ್ಚು ಎಳೆಯಬಾರದೆಂದು ಊರವರೇ ಕಟ್ಟುಪಾಡು ಮಾಡಿಕೊಂಡರು. ಜನಸಂಖ್ಯೆ ಇಳಿಯುವ ಬದಲು ಏರಿತು. 2003ರ ಕಾಯಿದೆ ಹುಟ್ಟಿದ್ದೂ ಇಂಥ ಊರುಗಳ ಒತ್ತಡದಿಂದಲೇ.

2014ರ ಫಲಿತಾಂಶವನ್ನು ಈ ಬೆಳಕಿನಲ್ಲಿ ಓದಬೇಕು. ಬೇಕೆಂದದ್ದು ಗ್ಲಾಸ್ಗೋ, ಡಂಡೀ ಮುಂತಾದ ನಾಲ್ಕು ಕೌನ್ಸಿಲ್ ಪ್ರದೇಶಗಳು ಮಾತ್ರ. ಕಾರ್ಖಾನೆಗಳು ಮುಚ್ಚಿ ಬಡತನ ಉಳಿದ ಪೇಟೆಗಳು ಅವು. ಹೈಲ್ಯಾಂಡ್ ಪ್ರದೇಶದಲ್ಲಿ ಶೇ. 52.9ರಷ್ಟು ಬೇಡವೆಂದರು. ಕಡಲಾಚೆಯ ಶೆಟ್‌ಲ್ಯಾಂಡಿನಲ್ಲಿ ಅದು ಶೇ. 63.7, ಆರ್ಕ್ನಿಯಲ್ಲಿ 67.2. ಅವರಿಗೆ ಎಡಿನ್‌ಬರೋ ಕೂಡ ದೂರದ ರಾಜಧಾನಿಯೇ.

ಆ ಬಳಿಕ ನೆಲ ಅಲುಗಿತು. ಮತದಾನಕ್ಕೆ ಮುನ್ನ ಒಕ್ಕೂಟದ ಪರದವರು ಕೊಟ್ಟ ಎಚ್ಚರಿಕೆಗಳಲ್ಲಿ ಒಂದು, ಸ್ವತಂತ್ರವಾದರೆ ಯೂರೋಪಿಯನ್ ಒಕ್ಕೂಟದಿಂದ ಹೊರಬೀಳುವಿರಿ ಎಂಬುದು. 2016ರ ಜೂನ್ 23ರಂದು ಸ್ಕಾಟ್ಲೆಂಡ್ ಶೇ. 62ರಷ್ಟು ಮತಗಳಿಂದ ಯೂರೋಪಿನಲ್ಲೇ ಉಳಿಯಬೇಕೆಂದಿತು; ಇಡೀ ಬ್ರಿಟನ್ನಿನ ಲೆಕ್ಕದಲ್ಲಿ ಶೇ. 51.9ರಷ್ಟು ಹೊರಹೋಗಬೇಕೆಂದರು, 2020ರ ಜನವರಿ 31ರಂದು ಸ್ಕಾಟ್ಲೆಂಡೂ ಹೊರಬಿದ್ದಿತು. ಬೇಡವೆಂದು ಮತ ನೀಡಿ ಉಳಿಸಿಕೊಂಡದ್ದು ಎರಡೇ ವರ್ಷಗಳಲ್ಲಿ ಕೈತಪ್ಪುವ ದಾರಿ ಹಿಡಿಯಿತು. ಪ್ರಶ್ನೆಯನ್ನು ಮತ್ತೆ ಕೇಳಬೇಕೆಂಬ ಬೇಡಿಕೆಗೆ ಇದರಿಂದ ನ್ಯಾಯವಾದ ಬಲ ಬಂದಿತು. ಅದರೊಡನೆ ಸ್ವಾತಂತ್ರ್ಯದ ಬೆಲೆಯೂ ಏರಿತು. ಸ್ಕಾಟ್ಲೆಂಡಿನಿಂದ ಹೊರಹೋಗುವ ಸರಕು ಸೇವೆಗಳಲ್ಲಿ ಶೇ. 60ರ ಆಸುಪಾಸು ಬ್ರಿಟನ್ನಿನ ಉಳಿದ ಭಾಗಕ್ಕೇ ಹೋಗುತ್ತವೆ. 2014ರಲ್ಲಿ ಸ್ವತಂತ್ರವಾಗಿ ಯೂರೋಪಿಯನ್ ಒಕ್ಕೂಟದಲ್ಲಿ ಉಳಿದಿದ್ದರೆ ಇಂಗ್ಲೆಂಡಿನೊಡನೆ ಸುಂಕದ ಗಡಿ ಬೇಕಿರಲಿಲ್ಲ. ಇನ್ನು ಮುಂದೆ ಸ್ಕಾಟ್ಲೆಂಡ್ ಯೂರೋಪಿಗೆ ಮರಳಿ ಸೇರಿದರೆ, ಕುರಿಮರಿಯೊಂದು ದಕ್ಷಿಣದ ಸಂತೆಗೆ ಹೋಗುವಾಗ ಎರಡು ಮಾರುಕಟ್ಟೆಗಳ ನಡುವಿನ ತಪಾಸಣೆಯನ್ನು ದಾಟಬೇಕಾದೀತು. ಸ್ವಾತಂತ್ರ್ಯಪರರ ಭಾಷಣಗಳಲ್ಲಿ ಈ ಮಾತು ಮೆಲ್ಲಗೆ ಬರುತ್ತದೆ.

2022ರ ನವೆಂಬರ್ 23ರಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ, ಲಂಡನ್ನಿನ ಸಮ್ಮತಿಯಿಲ್ಲದೆ ಸ್ಕಾಟಿಷ್ ಸಂಸತ್ತು ಇನ್ನೊಂದು ಜನಮತಗಣನೆಗೆ ಕಾಯಿದೆ ಮಾಡುವಂತಿಲ್ಲ ಎಂದು ಒಮ್ಮತದ ತೀರ್ಪಿತ್ತಿತು. ಕಾನೂನಿನ ಓದಾಗಿ ತೀರ್ಪು ಸರಿಯಿರಬಹುದು. ಆದರೆ ಉತ್ತರ ಐರ್ಲೆಂಡಿಗೆ 1998ರ ಕಾಯಿದೆಯಲ್ಲಿ, ಯಾವ ಸಂದರ್ಭದಲ್ಲಿ ಜನಮತ ಕೇಳಬೇಕು, ಎರಡರ ನಡುವೆ ಎಷ್ಟು ವರ್ಷ ಅಂತರವಿರಬೇಕು ಎಂಬುದು ಬರೆದಿದೆ. ಸ್ವಇಚ್ಛೆಯ ಒಕ್ಕೂಟವೆಂದು ಹೆಮ್ಮೆಪಡುವವರು ಸ್ಕಾಟ್ಲೆಂಡಿಗೆ ಅಂಥದೊಂದು ಬಾಗಿಲನ್ನು ತೋರಿಸಬೇಕಿತ್ತು. ತೋರಿಸಿಲ್ಲ. ಈ ವಿಷಯದಲ್ಲಿ ಲಂಡನ್ನಿನ ನಿಲುವು ಸಮರ್ಥನೀಯವಲ್ಲ.

ಸ್ಕಾಟರು ಹೌದೆನ್ನಬೇಕೇ? 2014ರಲ್ಲಿ ಇಲ್ಲವೆಂದವರು ಹೇಡಿಗಳಾಗಿರಲಿಲ್ಲ. ನಾಣ್ಯವೇ ಗೊತ್ತಿಲ್ಲದ ಮನೆಗೆ ಸಂಸಾರ ಸಾಗಿಸಲು ಹಿಂಜರಿದರು, ಅಷ್ಟೇ. ಮುಂದೊಂದು ದಿನ ಪ್ರಶ್ನೆ ಮರಳಿ ಬಂದರೆ ಹೌದೆನ್ನಲು ಮೊದಲಿಗಿಂತ ಹೆಚ್ಚು ಕಾರಣವಿದೆ. ಆದರೆ ಆ ಹೌದಿಗೆ ಒಂದು ಷರತ್ತು ಅಂಟಿರಬೇಕು. ಹೊಸ ದೇಶದ ಸಂವಿಧಾನವನ್ನು ಮತದಾನಕ್ಕೆ ಮೊದಲೇ ಜನರ ಮುಂದಿಡಬೇಕು. ಕೌನ್ಸಿಲಿಗೆ, ದ್ವೀಪಕ್ಕೆ, ಗುಡ್ಡದ ಗೋಮಾಳದ ಸಮಿತಿಗೆ ಯಾವ ಅಧಿಕಾರ, ಅದನ್ನು ಎಡಿನ್‌ಬರೋ ಕಿತ್ತುಕೊಳ್ಳದಂತೆ ಯಾವ ತಡೆ ಎಂಬುದು ಅದರಲ್ಲಿ ಬರೆದಿರಬೇಕು. ಬರೆದಿಲ್ಲದಿದ್ದರೆ ಅಸಿಂಟಿನ ಕ್ರಾಫ್ಟರನಿಗೆ ಬದಲಾಗುವುದು ಅರ್ಜಿಯ ಮೇಲಿನ ವಿಳಾಸ ಮಾತ್ರ.

ಈ ಷರತ್ತನ್ನು ದ್ವೀಪಗಳು ಆಗಲೇ ಹಾಕಿ ಕುಳಿತಿವೆ. ಶೆಟ್‌ಲ್ಯಾಂಡಿಗೆ ಅದರ ಅನುಭವವೂ ಉಂಟು. 1974ರಲ್ಲಿ ತನಗೆಂದೇ ವಿಶೇಷ ಕಾಯಿದೆ ಮಾಡಿಸಿಕೊಂಡ ಅಲ್ಲಿಯ ಕೌನ್ಸಿಲ್, ಸಲ್ಲಮ್ ವೋ ತೈಲ ಬಂದರಿನ ಕಂಪನಿಗಳಿಂದ ಹಣ ಪಡೆದು ಸಮುದಾಯದ ನಿಧಿಯೊಂದನ್ನು ಕಟ್ಟಿತು. ಬ್ರಿಟನ್ ದೇಶವಾಗಿ ಅಂಥ ತೈಲನಿಧಿಯನ್ನು ಕಟ್ಟಲೇ ಇಲ್ಲ. ಜನಮತಗಣನೆಗೆ ಒಂದು ವರ್ಷ ಮುಂಚೆ, 2013ರಲ್ಲಿ, ಶೆಟ್‌ಲ್ಯಾಂಡ್, ಆರ್ಕ್ನಿ ಮತ್ತು ಪಶ್ಚಿಮ ದ್ವೀಪಗಳ ಕೌನ್ಸಿಲುಗಳು ಒಟ್ಟಾಗಿ, ಯಾರು ಗೆದ್ದರೂ ದ್ವೀಪಗಳಿಗೆ ಏನು ಕೊಡುವಿರಿ ಎಂದು ಎರಡೂ ಪಕ್ಷಗಳನ್ನು ಕೇಳಿದವು. ಅದರ ಫಲವಾಗಿ 2018ರಲ್ಲಿ ಸ್ಕಾಟಿಷ್ ಸಂಸತ್ತು ದ್ವೀಪಗಳ ಕಾಯಿದೆಯನ್ನು ಮಾಡಿತು. ಸರ್ಕಾರಿ ನೀತಿಗಳು ದ್ವೀಪದ ಬದುಕಿನ ಮೇಲೆ ಬೇರೆಯದೇ ಪರಿಣಾಮ ಬೀರುವಂತಿದ್ದರೆ ಅದನ್ನು ಮೊದಲೇ ಪರಿಶೀಲಿಸಬೇಕೆಂದು ಅದು ವಿಧಿಸುತ್ತದೆ. ಆರ್ಕ್ನಿಗೆ ಅಷ್ಟು ಸಾಲಲಿಲ್ಲ. 1468ರಲ್ಲಿ ರಾಜಕುಮಾರಿಯ ವರದಕ್ಷಿಣೆಯ ಅಡಮಾನವಾಗಿ ಡೆನ್ಮಾರ್ಕ್-ನಾರ್ವೆಯ ದೊರೆಯಿಂದ ಸ್ಕಾಟ್ಲೆಂಡಿನ ಕೈಸೇರಿದ ಆ ದ್ವೀಪಸಮೂಹದ ಕೌನ್ಸಿಲ್, ಲಂಡನ್ ಮತ್ತು ಎಡಿನ್‌ಬರೋ ಎರಡರಿಂದಲೂ ತನಗೆ ನ್ಯಾಯವಾದ ಪಾಲು ಬರುತ್ತಿಲ್ಲವೆಂದು, 2023ರ ಜುಲೈಯಲ್ಲಿ ಬೇರೆ ಆಡಳಿತ ಮಾದರಿಗಳನ್ನು ಅಧ್ಯಯನ ಮಾಡುವ ನಿರ್ಣಯವನ್ನು 15-6 ಮತಗಳಿಂದ ಅಂಗೀಕರಿಸಿತು. ಪರಿಶೀಲಿಸಬೇಕಾದ ಮಾದರಿಗಳಲ್ಲಿ ನಾರ್ವೆ ಮೊದಲಾದ ನಾರ್ಡಿಕ್ ದೇಶಗಳೊಡನೆ ಹಳೆಯ ನಂಟನ್ನು ಹೊಸದಾಗಿ ಬೆಸೆಯುವುದೂ ಒಂದು.